ದೇವದುರ್ಗದ ಪೇಜಿನ ತುರ್ತು ಬಟನ್

ಶಿವಗಂಗಾ ಮಾನ್ವಿಯವಳು. ರಾಯಚೂರಿನಲ್ಲಿ ಚನ್ನವೀರ ನಡೆಸುವ ಮೂರು ಕುರ್ಚಿಯ ಕಂಪನಿಯಲ್ಲಿ ಆರು ವರ್ಷದಿಂದ ಕೋಡ್ ಬರೆಯುತ್ತಾಳೆ. ರಕ್ತದಾನಿಗಳ ಬಳಗವೊಂದರ ವೆಬ್‌ಸೈಟ್ ಅವಳ ಪಾಲಿಗೆ ಬಂದಿತ್ತು. ಮೊದಲು ಅದನ್ನು ಮಾಡಿದವನು ಭಾರಿ ಜಾಣ. ರಾಯಚೂರಿನ ಪೇಜನ್ನೇ ನಕಲು ಮಾಡಿ ಮಾನ್ವಿಗೊಂದು, ದೇವದುರ್ಗಕ್ಕೊಂದು ಅಂಟಿಸಿ, ಬೇರೆ ನೌಕರಿ ಹಿಡಿದು ಹೋಗಿದ್ದ. ಡೇಟಾಬೇಸಿನಿಂದ ದಾನಿಗಳ ಹೆಸರು, ನಂಬರು ಕೇಳಿ ತರುವ ಕ್ವೆರಿ ಒಂದೇ. ಅದನ್ನೇ ಬಟನ್ನಿಗೊಂದರಂತೆ ಮತ್ತೆ ಮತ್ತೆ ಬರೆದಿಟ್ಟಿದ್ದ. ಎಷ್ಟು ಕಡೆ ಎಂಬುದು ಅವನಿಗೂ ಗೊತ್ತಿರಲಿಕ್ಕಿಲ್ಲ.

"ಎಲ್ಲಾ ಕ್ವೆರಿ ಒಂದೇ ಫೈಲಿನ್ಯಾಗ ತಂದಿಡ್ತೀನ್ರಿ. ಎಂಟು ದಿನ ಕೊಡ್ರಿ," ಅಂದಳು.

"ಸೈಟು ಛಲೋ ನಡ್ಯಾಕತ್ತದಲ್ಲವಾ, ಯಾಕ ಕೆದಕ್ತಿ?" ಅಂದ ಚನ್ನವೀರ.

ಶಿವಗಂಗಾ ಸುಮ್ಮನಾದಳು. ಸುಮ್ಮನಿರುವ ಹುಡುಗಿ ಎಂದೇ ಅವಳನ್ನು ಎಲ್ಲರೂ ಹೊಗಳುತ್ತಿದ್ದುದು.

ಶ್ರಾವಣದಲ್ಲಿ ಬಳಗದವರು ಊರೂರು ತಿರುಗಿ ದಾನಿಗಳ ಹೊಸ ನಂಬರು ಬರೆದುಕೊಂಡು ಬಂದರು. ಶಿವಗಂಗಾ ಅವನ್ನು ಡೇಟಾಬೇಸಿನ ಹೊಸ ಟೇಬಲ್ಲಿಗೆ, ಅಂದರೆ ಹೊಸ ಪಟ್ಟಿಗೆ, ಸೇರಿಸಿ, ಅದನ್ನೇ ಓದುವಂತೆ ಕ್ವೆರಿಗಳನ್ನು ಹುಡುಕಿ ಹುಡುಕಿ ತಿದ್ದಿದಳು. ಮೂವತ್ತೊಂಬತ್ತು ಕಡೆ. ನಲವತ್ತನೆಯದು ದೇವದುರ್ಗದ ಪೇಜಿನ ತುರ್ತು ಬಟನ್ನಿನ ಹಿಂದಿತ್ತು. ಅವಳ ಕಣ್ಣಿಗೆ ಬೀಳಲಿಲ್ಲ.

ಆ ಬಟನ್ ಒತ್ತಿದವಳು ಜಾಲಹಳ್ಳಿಯ ಆಶಾ ಕಾರ್ಯಕರ್ತೆ ರಾಧಾ. ದೇವದುರ್ಗದ ದವಾಖಾನೆಯಲ್ಲಿ ಹೆರಿಗೆಯಾದ ಬಾಲಮ್ಮನಿಗೆ ರಕ್ತಸ್ರಾವ ನಿಂತಿರಲಿಲ್ಲ. ಓ ನೆಗೆಟಿವ್ ರಕ್ತ ಬೇಕಿತ್ತು. ಪರದೆಯ ಮೇಲೆ ಬಂದದ್ದು ಹಳೆಯ ನಂಬರುಗಳು. ಎರಡು ಬಂದ್ ಆಗಿದ್ದವು. ಮೂರನೆಯದನ್ನು ಎತ್ತಿದವರು ತೆಲುಗಿನಲ್ಲಿ ಬೈದು ಇಟ್ಟರು. ಕೊನೆಗೆ ರಾಯಚೂರಿಗೆ ಹೊರಟರು. ಆಂಬುಲೆನ್ಸ್ ಕಲ್ಮಲ ಮುಟ್ಟುವ ಮೊದಲೇ ಬಾಲಮ್ಮ ಹೋಗಿಬಿಟ್ಟಳು.

ಮರುದಿನ ರಾಧಾ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಾಗ, ಶಿವಗಂಗಾ ಆ ಬಟನ್ನಿನ ಕೋಡ್ ತೆರೆದಳು. ಹಳೆಯ ಟೇಬಲ್ಲಿನ ಹೆಸರು ಅಲ್ಲೇ ಕೂತಿತ್ತು.

"ಎಂಟು ದಿನ ತಗೋವಾ," ಅಂದ ಚನ್ನವೀರ, ಅವಳ ಮುಖ ನೋಡದೆ.

ಐದೇ ದಿನದಲ್ಲಿ ಮುಗಿಯಿತು. ನಲವತ್ತು ಕಡೆ ಇದ್ದದ್ದು ಈಗ ಒಂದೇ ಫೈಲಿನಲ್ಲಿ ಒಂದೇ ಕ್ವೆರಿ. ಎಲ್ಲ ಪೇಜುಗಳೂ ಅದನ್ನೇ ಕರೆಯುತ್ತವೆ. ಬರೀ ಐದು ದಿನದ ಕೆಲಸ. ಅಂದು ಜಗಳವಾಡಿಯಾದರೂ ಕೇಳಬೇಕಿತ್ತು.

ಪರೀಕ್ಷೆಗೆಂದು ತುರ್ತು ಬಟನ್ ಒತ್ತಿದಳು. ದೇವದುರ್ಗ, ಓ ನೆಗೆಟಿವ್. ಮೊದಲ ಹೆಸರೇ ಗಡಿಗೆಪ್ಪ, ಜಾಲಹಳ್ಳಿ. ನಂಬರು ಸರಿಯಿದೆಯೋ ನೋಡೋಣವೆಂದು ಫೋನ್ ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದ.

"ರಕ್ತದಾನಿಗಳ ಬಳಗದ ಕಡಿಂದ ಮಾತಾಡಾಕತ್ತೀನ್ರಿ..."

"ಯಾರಿಗೆ ಬೇಕಾಗ್ಯದ ಯವ್ವಾ? ಯಾವ ದವಾಖಾನಿ ಹೇಳು, ಈಗ ಬಂದೆ," ಅಂದ ಗಡಿಗೆಪ್ಪ. ಆಗಲೇ ಬೈಕ್ ಚಾಲೂ ಮಾಡಿದ ಸದ್ದು ಕೇಳಿಸಿತು.

ಶಿವಗಂಗಾಳಿಗೆ ಅಳು ತಡೆಯಲಾಗಲಿಲ್ಲ.

"ಬೇಕಾಗಿತ್ರಿ ಯಪ್ಪಾ," ಅಂದಳು. "ಹೋದ ವಾರ ಬೇಕಾಗಿತ್ರಿ."