ಓಡಿ, ಬಿಡಿ ಮತ್ತು ಊಟಕ್ಕೆ ಮೊದಲು

ಪುಣೆಯ ಔಷಧಿ ಅಂಗಡಿಗೆ ಸೇರಿದ ಮೊದಲ ದಿನವೇ ನಾನು ಗಿರಾಕಿಗಳೆದುರು ನಕ್ಕುಬಿಟ್ಟೆ. ಡಾಕ್ಟರರು ಚೀಟಿಯಲ್ಲಿ ಗುಳಿಗೆಯ ಹೆಸರಿನ ಮುಂದೆ ಎರಡೆರಡು ಇಂಗ್ಲಿಷ್ ಅಕ್ಷರ ಬರೆಯುತ್ತಾರೆ. ಓಡಿ ಎಂದರೆ ದಿನಕ್ಕೊಮ್ಮೆ, ಬಿಡಿ ಎಂದರೆ ದಿನಕ್ಕೆರಡು ಸಲ. ಕಾಲೇಜಿನಲ್ಲಿ ಉರುಹೊಡೆದಾಗ ಏನೂ ಅನ್ನಿಸಿರಲಿಲ್ಲ. ಆದರೆ ಅಂಗಡಿಯ ಮಾಲೀಕರಾದ ಕಾಕಾ ಅದನ್ನು ಗಟ್ಟಿಯಾಗಿ ಓದಿದಾಗ, ಒಬ್ಬ ರೋಗಿಗೆ ಓಡಿ ಎಂದು, ಇನ್ನೊಬ್ಬರಿಗೆ ಹೋಗಲಿ ಬಿಡಿ ಎಂದು ಹೇಳಿದಂತೆಯೇ ಕೇಳಿಸಿತು. ನಕ್ಕದ್ದಕ್ಕೆ ಕಾರಣ ಕೊಡಬೇಕಲ್ಲ? ಮರಾಠಿಯಲ್ಲಿ ವಿವರಿಸಿದೆ. ಕಾಕಾ ಪೂರ್ತಿ ಕೇಳಿಸಿಕೊಂಡು, "ಅಸಂ ಕಾ?", ಹೌದಾ, ಎಂದಷ್ಟೇ ಹೇಳಿ ಚೀಟಿಗೆ ಮರಳಿದರು. ವಿವರಿಸಿ ಹೇಳಬೇಕಾದ ನಗೆಮಾತಿನಷ್ಟು ಒಂಟಿಯಾದದ್ದು ಬೇರೊಂದಿಲ್ಲ.

ಅದು ತೊಂಬತ್ತರ ದಶಕ. ಗದಗಿನಲ್ಲಿ ಫಾರ್ಮಸಿ ಡಿಪ್ಲೊಮಾ ಮುಗಿಸಿ ಬಂದು ಅಂಗಡಿಯಿದ್ದ ಕೋಥರೂಡಿನಲ್ಲೇ ಬಾಡಿಗೆಗೆ ಖೋಲಿ ಹಿಡಿದಿದ್ದೆ. ದಿನವಿಡೀ ಜನರೊಡನೆ ಮಾತಾಡುತ್ತಿದ್ದೆ, ಎಲ್ಲವೂ ಗುಳಿಗೆಯ ಮಾತು. ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದರೆ ತೆರೆಯುವುದು ನಾಲ್ಕಕ್ಕೆ. ಊರಿಗೂರೇ ಉಂಡು ಮಲಗುವ ಆ ಮೂರು ತಾಸಿನಲ್ಲಿ ನನ್ನ ಗಂಟಲಿನಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಶಾಂತವ್ವ ಬಂದಳು. ಆಳಂದದ ಕಡೆಯವಳು, ಹತ್ತಿರದಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಮಗಳೊಡನೆ ಇಟ್ಟಿಗೆ ಹೊರುತ್ತಿದ್ದಳು. ಚೀಟಿಯಲ್ಲಿದ್ದದ್ದು ಸಕ್ಕರೆ ಕಾಯಿಲೆಯ ಗುಳಿಗೆ. ಮುಂದೆ ಬಿಡಿ, ಅದರ ಪಕ್ಕ ಎಸಿ. ಈ ಎಸಿ ತಂಪು ಮಾಡುವ ಯಂತ್ರವಲ್ಲ. 'ಊಟಕ್ಕೆ ಮೊದಲು' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಅದನ್ನು ಕನ್ನಡದಲ್ಲಿ ಹೇಳುವ ಭಾಗ್ಯ ಸಿಕ್ಕ ಖುಷಿಯಲ್ಲಿ ನಾನು ಪಾಠವನ್ನೇ ಮಾಡಿದೆ.

"ಮುಂಜಾನಿ ಒಂದ, ಸಂಜಿಮುಂದ ಒಂದ. ಎರಡೂ ಊಟಕ್ಕ ಮೊದಲ. ತಿಳೀತೇನವ್ವಾ?"

"ತಿಳೀತ ಯಪ್ಪಾ. ನಮ್ಮ ಮಾತಿನ್ಯಾಗ ಹೇಳಿದಿ, ಯಾಕ ತಿಳಿಯಂಗಿಲ್ಲ?" ಎಂದಳು. ಆ ದಿನವೆಲ್ಲ ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ವಾರ ಕಳೆದಿರಬೇಕು, ಶ್ರಾವಣ ಸೋಮವಾರ. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಅವಳ ಮಗಳು ಏದುಸಿರು ಬಿಡುತ್ತ ಬಂದಳು. "ಅಣ್ಣಾರ, ಲಗೂನ ಬರ್ರಿ! ಅವ್ವ ಕುಸದ ಕುಂತಾಳ. ಮೈಯೆಲ್ಲಾ ಬೆವರಾಗೇದ, ಕೈ ನಡಗತಾವ."

ಗ್ಲೂಕೋಸ್ ಪುಡಿಯ ಡಬ್ಬಿ ಹಿಡಿದು ಓಡಿದೆ. ಶಾಂತವ್ವ ಮರಳಿನ ರಾಶಿಗೆ ಒರಗಿದ್ದಳು. ಕಣ್ಣು ಮಂಜಾಗಿತ್ತು, ಪುಣ್ಯಕ್ಕೆ ಎಚ್ಚರವಿತ್ತು. ಪುಡಿ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು.

"ಗುಳಿಗಿ ತಗೊಂಡ ಮ್ಯಾಲ ಉಣ್ಣಲಿಲ್ಲೇನವ್ವಾ?"

"ಇವತ್ತ ಒಪ್ಪತ್ತ ಅಲ್ಲೇನಪ್ಪಾ? ನನ್ನ ಊಟ ಸಂಜಿಗಿ. ಊಟಕ್ಕ ಮೊದಲ ತಗೋ ಅಂದಿದ್ದಿ. ಮೊದಲಽ ತಗೊಂಡೀನಿ."

ಅವಳ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಮೊದಲು ಎಂದದ್ದು ನಾನು. ಆಮೇಲೆ ಉಣ್ಣಲೇಬೇಕು ಎನ್ನದವನೂ ನಾನೇ. ಅವಳನ್ನು ಡಾಕ್ಟರರಲ್ಲಿಗೆ ಕರೆದೊಯ್ದೆ. ಅವರು ಗುಳಿಗೆ ಕಡಿಮೆ ಮಾಡಿ, ಉಪವಾಸ ಬಿಡಲು ಹೇಳಿದರು. ಅದನ್ನು ಅವಳಿಗೆ ಕನ್ನಡದಲ್ಲಿ ಎರಡೆರಡು ಸಲ ಹೇಳಿ, ತಪ್ಪು ನನ್ನದೆಂದೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು: "ಹೋಗಲಿ ಬಿಡೋ ಯಪ್ಪಾ. ದೇವರಿಗಿ ನಾ ಹೇಳಕೋತೀನಿ."

ದೀಪಾವಳಿಯ ಹೊತ್ತಿಗೆ ಕಟ್ಟಡ ಮುಗಿದು, ತಾಯಿ-ಮಗಳು ಸಾಸವಡದ ಕಡೆ ಕೆಲಸಕ್ಕೆ ಹೋದರು. ಅಂಗಡಿಯಲ್ಲಿ ಕನ್ನಡ ಮತ್ತೆ ನಿಂತುಹೋಯಿತು. ನನಗೆ ಮಾತ್ರ ಒಂದು ಚಟ ಅಂಟಿತು. ಯಾರೇ ಬರಲಿ, ಗುಳಿಗೆ ಕೊಡುವ ಮುನ್ನ "ಜೇವಲಾತ್ ಕಾ?" ಎಂದು ಕೇಳುತ್ತಿದ್ದೆ, ಊಟವಾಯಿತೇ ಎಂದು. ಕೆಮ್ಮಿನ ಔಷಧಿಗೆ ಬಂದವರನ್ನೂ ಬಿಡಲಿಲ್ಲ. ಕೆಲವರು ಹುಬ್ಬೇರಿಸುತ್ತಿದ್ದರು. ಇದು ಔಷಧಿ ಅಂಗಡಿಯೋ ಖಾನಾವಳಿಯೋ ಎಂದು ಕಾಕಾ ಗೊಣಗುತ್ತಿದ್ದರು.

ಒಂದು ದಿನ ಒಬ್ಬ ಅಜ್ಜಿ ತಲೆನೋವಿನ ಒಂದೇ ಒಂದು ಗುಳಿಗೆಗೆ ಬಂದರು. ಅಭ್ಯಾಸದಂತೆ ಕೇಳಿದೆ. ಬೆಳಗ್ಗೆ ಮಾಡಿಟ್ಟದ್ದು ಹಾಗೇ ಇದೆ, ಒಬ್ಬಳೇ ಉಣ್ಣಲು ಮನಸ್ಸಾಗಲಿಲ್ಲ ಎಂದರು. ಆಮೇಲೆ, "ಆಣಿ ತುಝಂ, ಬಾಳಾ?" ಎಂದು ನನ್ನನ್ನೇ ಕೇಳಿದರು, ನಿನ್ನದಾಯಿತೇನಪ್ಪ ಎಂದು.

ಆ ಊರಿನಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೇ ಮೊದಲು. ಇಲ್ಲವೆಂದು ತಲೆಯಲ್ಲಾಡಿಸಿದೆ. ಅವರು ಸ್ಟೂಲು ಎಳೆದುಕೊಂಡು ಕುಳಿತು, ಬಹಳ ಹೊತ್ತು ನನ್ನೊಡನೆ ಮಾತಾಡಿದರು. ಹೋಗುವಾಗ ಗುಳಿಗೆಯನ್ನು ಅಲ್ಲೇ ಮರೆತರು. ತಲೆನೋವು ಅಷ್ಟರಲ್ಲಿ ನಿಂತಿತ್ತೋ ಏನೋ.