ಅಕ್ಕನ ಹೆಸರಿನಲ್ಲಿ ಹನ್ನೆರಡು ವರ್ಷ

ಬೆಳಗಿನ ಐದೂಮುಕ್ಕಾಲು. ಬ್ರೂಕ್‌ಫೀಲ್ಡ್‌ನ ದೊಡ್ಡ ಅಪಾರ್ಟ್‌ಮೆಂಟೊಂದರ ಹಿಂದಿನ ಗೇಟು. ಮುಂದಿನದು ಕಾರುಗಳಿಗೆ, ಇದು ಕೆಲಸದವರಿಗೆ. ಸಾಲಿನಲ್ಲಿ ನಿಂತ ಶಿವಗಂಗಾ ತಮ್ಮ ಆರಂಕಿಯ ನಂಬರು ಹೇಳುತ್ತಾರೆ. ಸೆಕ್ಯುರಿಟಿಯವನು ಅದನ್ನು ಟ್ಯಾಬ್‌ನಲ್ಲಿ ಒತ್ತಿ, ಪರದೆಯ ಮೇಲೆ ಬಂದ ಹೆಸರನ್ನು ಕೂಗುತ್ತಾನೆ. ಆ ಹೆಸರು ಶಿವಗಂಗಾ ಅಲ್ಲ. ಆದರೂ ಇವರು "ಹ್ಞೂಂ" ಎಂದು ಒಳಗೆ ನಡೆಯುತ್ತಾರೆ.

ಅದು ಅವರ ಅಕ್ಕನ ಹೆಸರು. ಅಕ್ಕ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಈ ಹೆಂಗಸಿನ ಅನ್ನಕ್ಕೆ ಕಲ್ಲು ಬೀಳುತ್ತದೆ.

ಶಿವಗಂಗಾ ಕುಷ್ಟಗಿ ಕಡೆಯವರು, ವಯಸ್ಸು ಮೂವತ್ತಾರು. ಗಂಡ ಯಮನೂರ ಗಾರೆ ಕೆಲಸಕ್ಕೆ ಹೋಗುತ್ತಾರೆ. ಇವರದು ಮನೆಗೆಲಸ: ದಿನಕ್ಕೆ ಐದು ಮನೆ, ಹದಿನಾರು ಕೋಣೆ, ಒಂಬತ್ತು ಬಚ್ಚಲು. ತಿಂಗಳಿಗೆ ಎರಡು ರಜೆ, ಮೂರನೆಯದಕ್ಕೆ ಸಂಬಳ ಕಡಿತ. ಮಧ್ಯಾಹ್ನದ ಊಟ ಪಾರ್ಕಿಂಗ್‌ನ ಕಂಬದ ಮರೆಯಲ್ಲಿ. ಮೇಲೆ ಉದ್ಯಾನದಲ್ಲಿ ಬೆಂಚುಗಳಿವೆ, ಕೆಲಸದವರು ಅಲ್ಲಿ ಕೂರುವಂತಿಲ್ಲ.

ಮನೆಗೆಲಸದವರಲ್ಲಿ 'ಬದಲಿ' ಎಂಬ ಪದ್ಧತಿಯಿದೆ. ಒಬ್ಬಳು ಊರಿಗೆ ಹೋದರೆ ತಂಗಿಯೋ ನೆರೆಯವಳೋ ಅವಳ ಮನೆಗಳನ್ನು ಹಿಡಿದುಕೊಂಡಿರಬೇಕು. ಇಲ್ಲವಾದರೆ ಬೇರೆಯವರು ಬಂದು ಸೇರಿಕೊಳ್ಳುತ್ತಾರೆ. ಅಕ್ಕ ಹೆರಿಗೆಗೆ ಹೊರಟಾಗ ತಂಗಿಯನ್ನು ಕರೆಸಿ, ತನ್ನ ಗೇಟ್ ಕಾರ್ಡನ್ನು ಕೈಗಿತ್ತಳು.

"ಮೂರು ತಿಂಗಳ ಮಟ್ಟಿಗೆ ಅಂತ ಬಂದೆನ್ರಿ. ಹೆರಿಗಿಯೊಳಗ ಆಕಿ ಹೋದಳು, ಕೂಸೂ ಹೋತು. ಮಣ್ಣು ಮಾಡಿ ಮೂರನೇ ದಿನಕ್ಕ ತಿರುಗಿ ಬಂದೆ. ಮನೀ ಬಿಟ್ಟರ ಹೊಟ್ಟಿಗೇನ್ ತಿನ್ನೂದು?"

ಆಗ ಕಾರ್ಡಿನ ಫೋಟೊವನ್ನು ಯಾರೂ ದಿಟ್ಟಿಸಲಿಲ್ಲ. ಮುಂದೆ ಟ್ಯಾಬ್ ಬಂದಾಗ ಹೊಸ ಫೋಟೊ ಹಿಡಿದರು, ಹೆಸರು, ಆಧಾರ್ ನಂಬರು ಹಳೆಯವೇ ಉಳಿದವು. ಹೀಗೆ ಮುಖ ತಂಗಿಯದು, ಆಧಾರ್ ಅಕ್ಕನದು. ಎರಡು ವರ್ಷದ ಹಿಂದೆ ಒಂದು ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಶಿವಗಂಗಾ ಅವರ ಬಲ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಕರೆದೊಯ್ದ ಮನೆಯೊಡತಿ ತನಗೆ ಗೊತ್ತಿದ್ದ ಹೆಸರನ್ನೇ ಬರೆಸಿದರು.

"ಮುರಿದ ಕೈ ನಂದು, ಚೀಟಿ ಆಕೀದು" ಎನ್ನುತ್ತಾರೆ. ಆ ಕೈ ಈಗಲೂ ನೆಲ ಒರೆಸುವ ಬಟ್ಟೆಯನ್ನು ಪೂರ್ತಿ ಹಿಂಡಲಾರದು.

ಈಗ ರಾಜ್ಯದಲ್ಲಿ ಮನೆಗೆಲಸದವರಿಗೆಂದೇ ಒಂದು ಕಾನೂನು ತರುವ ಮಾತು ನಡೆದಿದೆ. ನೋಂದಣಿ, ಕನಿಷ್ಠ ವೇತನ, ವಾರದ ರಜೆ, ಸಾಮಾಜಿಕ ಭದ್ರತೆ. ಎಲ್ಲವೂ ಬರಲೇಬೇಕಾದದ್ದು, ತಡವಾಗಿ ಬರುತ್ತಿರುವುದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನೋಂದಣಿಗೆ ಗುರುತು ಬೇಕು. ಅಕ್ಕನ ಹೆಸರಲ್ಲಿ ಬರೆಸಿದರೆ ಸತ್ತವಳಿಗೆ ಸವಲತ್ತು. ತನ್ನ ಹೆಸರಲ್ಲಿ ಬರೆಸಿದರೆ ಒಂದು ದಿನದ ದುಡಿಮೆಗೂ ಸಾಕ್ಷಿಯಿಲ್ಲ. ಅಡಕತ್ತರಿಗೆ ಸಿಕ್ಕ ಅಡಕೆಯ ಪಾಡು.

ಇವರು ವಾಸಿಸುವ ತಗಡಿನ ಶೆಡ್ಡುಗಳ ಸಾಲಿಗೆ ಭಾನುವಾರ ಬರುವ, ಮನೆಗೆಲಸದವರ ಸಂಘದ ಮರಿಯಮ್ಮ ಧೈರ್ಯ ಹೇಳುತ್ತಾರೆ. "ನಿಜ ಹೇಳ್ಬಿಡು ಕಣಮ್ಮಾ. ನಾವಿದೀವಿ. ಯಾರೂ ಜೈಲಿಗೆ ಹಾಕಲ್ಲ."

"ಜೈಲಿಂದಲ್ರಿ ಅಕ್ಕಾರ, ಗೇಟಿಂದು ಅಂಜಿಕಿ. ಟ್ಯಾಬ್‌ನಾಗ ಒಂದ್ ಸಲ ಬಂದ್ ಮಾಡಿದ್ರ ಐದೂ ಮನೀ ಒಮ್ಮೆಲೆ ಕೈ ಬಿಟ್ಟು ಹೋಗತಾವ. ಹನ್ನೆರಡು ವರ್ಷ ಸುಳ್ಳು ಹೇಳಿದಾಕಿ ಅಂತಾರ. ಯಾರ ಮನ್ಯಾಗ ಏನು ಕಳದ್ರೂ ನನ್ನ ಮ್ಯಾಗ ಬರತೈತಿ."

ಸುಳ್ಳು ಎಂದರೆ ಸುಳ್ಳೇ, ಒಪ್ಪುತ್ತೇನೆ. ಆದರೆ ಆ ಮನೆಗಳ ನೆಲವನ್ನು ದಿನವೂ ಒರೆಸಿದ್ದು ಸುಳ್ಳಲ್ಲ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಒಮ್ಮೆ ಅವರು ಬಾಯಿ ಬಿಟ್ಟಿದ್ದರಂತೆ. ಒಂದು ಮನೆಯಲ್ಲಿ ಕಾಫಿ ಲೋಟ ತೊಳೆಯುತ್ತಾ, "ಅಮ್ಮಾರ, ನನ್ನ ಖರೇ ಹೆಸರು ಬ್ಯಾರೆ ಐತ್ರಿ" ಎಂದರು. ಒಡತಿ ಫೋನಿನಿಂದ ತಲೆಯೆತ್ತಲಿಲ್ಲ. "ಇರ್ಲಿ ಬಿಡು, ನಮಗೆ ಇದೇ ಅಭ್ಯಾಸ ಆಗೋಗಿದೆ" ಎಂದರಂತೆ. ಬೇರೆ ಹೆಸರು ಯಾವುದೆಂದು ಕೇಳಲಿಲ್ಲ.

"ಬೆಳಗಾದ್ರ ಆಕಿ ಹೆಸರು ಕೂಗತಾರ, ನಾ ಓ ಅಂತೀನಿ. ಮೊದಮೊದಲು ಕಣ್ಣಾಗ ನೀರು ಬರತಿತ್ತು. ಈಗ ಊರಾಗ ಯಾರರ ಶಿವಗಂಗಾ ಅಂದ್ರ ನಾ ತಿರುಗಿ ನೋಡೂದಿಲ್ರಿ."

ಇಂಥ ಬರಹಗಳಲ್ಲಿ ಹೆಸರು ಬದಲಿಸುವುದು ನಮ್ಮ ರೂಢಿ. ಫೋಟೊ ಹಾಕುವುದಿಲ್ಲ, ಹೆಸರನ್ನೂ ಬದಲಿಸುತ್ತೇನೆ, ಹೆದರಬೇಡಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಒಂದೇ ಒಂದು ಆಸೆ ಎಂದರು.

"ನನ್ನ ಹೆಸರೇ ಹಾಕ್ರಿ. ಆ ಗೇಟಿನ ಒಳಗ ಶಿವಗಂಗಾ ಅಂದ್ರ ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ."