ಎದುರಿಗೆ ಬರಬಾರದವಳು

ನನ್ನ ಸೋದರತ್ತೆಗೆ ಎದೆನೋವು ಬಂದದ್ದು ಕಮಲಾಪುರದಲ್ಲಿ, ಬಾಳೆತೋಟದ ಬದುವಿನ ಮೇಲೆ ನಡೆಯುವಾಗ. ಅಪ್ಪ ಅವಳನ್ನು ಜೀಪಿನಲ್ಲಿ ಕಲಬುರ್ಗಿಗೆ ತಂದ. ದವಾಖಾನೆಯಿಂದ ಬಿಟ್ಟ ಮೇಲೆ ಶಹಾಬಜಾರದ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೃದಯದ ಬೇನೆಯವರೆಂದರೆ ಗಾಜಿನ ಸಾಮಾನು, ಅಲುಗಾಡಿಸಬಾರದು ಎಂದು ಎಲ್ಲರೂ ನಂಬಿದ್ದ ಕಾಲ.

ಜೇವರ್ಗಿ ಕಾಲೋನಿಯ ಡಾಕ್ಟರು ಮಾತ್ರ ಬೇರೆ ಹೇಳಿದರು. "ಆಯಿ, ಕೂತ್ರಿ ಅಂದ್ರ ಕೆಟ್ರಿ. ದಿನಾ ಮುಂಜಾನೆ ಬಿಸಲೇರೋದ್ರಾಗ ನಡೀಬೇಕು. ದಮ್ಮು ಹತ್ತಿದ್ರ ನಿಂದರ್ರಿ, ಮತ್ತ ನಡೀರಿ."

"ಹುಟ್ಟಿದಾಗಿಂದ ಅದನ್ನ ಮಾಡೀನಲ್ರೀ ಯಪ್ಪಾ! ಇದೂ ಒಂದು ಔಷಧ ಅಂತ ಯಾರೂ ಹೇಳಿರಲಿಲ್ಲ" ಎಂದು ಅತ್ತೆ ನಕ್ಕಳು.

ಅರವತ್ತು ದಾಟಿದ ಜೀವ. ನಸುಕಿನಲ್ಲೇ ಎದ್ದು, ಸೆರಗು ಸಿಗಿಸಿ, ಓಣಿಯ ತುದಿಯ ಬಯಲಿನವರೆಗೆ ಹೋಗಿ ಬರುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಮಾತಿನ ನಡುವೆ ಏದುಸಿರು ಬಿಡುವುದು ನಿಂತಿತು. ರೊಟ್ಟಿ ಬಡಿಯಲು ಅವ್ವನ ಜೊತೆ ಜಗಳಕ್ಕೆ ಬೀಳುವಷ್ಟು ಚೇತರಿಸಿಕೊಂಡಳು.

ಎದುರುಮನೆಯಾತ ತೊಗರಿಬೇಳೆ ವ್ಯಾಪಾರಿ. ಆತ ಗಂಜ್ ಎಂಬ ದವಸದ ಪೇಟೆಯ ತನ್ನ ಅಂಗಡಿಗೆ ಹೊರಡುವುದು ಅತ್ತೆ ನಡೆದು ಮರಳುವ ಹೊತ್ತಿಗೇ. ಹೊಸ್ತಿಲು ದಾಟುವಾಗ ಗಂಡ ಸತ್ತವಳು ಎದುರಾದರೆ ಒಳಗೆ ಹೋಗಿ ಕುಳಿತು, ನೀರು ಕುಡಿದು, ಮತ್ತೆ ಹೊರಡಬೇಕು. ಆತ ಹಾಗೇ ಮಾಡುತ್ತಿದ್ದ, ಅತ್ತೆಗೆ ಕಾಣುವಂತೆಯೇ. ಕೊರಳಲ್ಲಿ ಲಿಂಗ ಕಟ್ಟಿದವರು ಶಕುನ ನೋಡಬಾರದೆಂದು ಮಠದಲ್ಲಿ ಸ್ವಾಮಿಗಳು ಹೇಳಿದರೆ ಎಲ್ಲರಿಗಿಂತ ಮೊದಲು ತಲೆದೂಗುವವನೂ ಆತನೇ.

ಒಂದು ದಿನ ಅವನ ಹೆಂಡತಿ ಬಂದಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಡೀಬ್ಯಾಡ್ರಿ ಅಂತೀವೇನು? ನಮ್ಮವರು ಹೊಂಟ ಮ್ಯಾಲೆ ಹೊಂಡ್ರಿ, ಅಷ್ಟ."

"ಅಷ್ಟೊತ್ತಿಗೆ ಬಿಸಲು ನೆತ್ತಿ ಸುಡ್ತದವ್ವಾ."

"ನಮ್ದು ಧಂದೆದ ಮಾತ್ರೀ..."

"ಹಂಗಾದ್ರ ನಿನ್ನ ಗಂಡಗ ಹಿಮ್ಮುಖ ಮಾಡಿ ಹೊಂಡಂತ ಹೇಳು. ನಾ ಬೆನ್ನಷ್ಟ ನೋಡ್ತೀನಿ, ಬೆನ್ನಿಗೇನೂ ಆಗಂಗಿಲ್ಲ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಆ ಸಂಜೆಯೇ ಅಕ್ಕನ ಮುಂದೆ ಕುಳಿತ.

"ಅಕ್ಕಾ, ಓಣಿ ಮಂದಿ ಜೋಡಿ ಕೆಡಸ್ಕೊಳ್ಳೋದು ಚಲೋ ಅಲ್ಲ. ಪಡಸಾಲ್ಯಾಗ ಅಡ್ಡಾಡಿದ್ರ ಆತು."

"ಪಡಸಾಲ್ಯಾಗ ಕಾಲೆತ್ತೋದ್ರಾಗ ಗ್ವಾಡಿ ಬರ್ತದ ತಮ್ಮಾ. ನನ್ನ ಕಮಲಾಪುರಕ್ಕ ಬಿಟ್ಟು ಬಾ."

"ಅಲ್ಲಿ ಯಾರು ಅದಾರ ನಿನಗ? ಏನರ ಆದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ."

ಅತ್ತೆ ಪಡಸಾಲೆಯಲ್ಲೇ ತಿರುಗಿದಳು. ಬಂದವರು "ಆಯಿ, ಗಾಣ ತಿರಗಸಾಕತ್ತೀರೇನು?" ಎಂದು ಚೇಷ್ಟೆ ಮಾಡುತ್ತಿದ್ದರು. ಮೊದಮೊದಲು ಅವಳೂ ನಕ್ಕಳು. ಆಮೇಲೆ ಮಂಚದ ಮೇಲೆ ಕೂರುವುದು ಹೆಚ್ಚಾಯಿತು. ಉಂಡಿ ಕಟ್ಟಿಕೊಂಡು ಬಂದ ಬೀಗರೆಲ್ಲ "ಆರಾಮ ಮಾಡ್ರಿ, ದುಡದದ್ದು ಸಾಕು" ಎಂದು ಹರಸಿ ಹೋದರು. ಪಾದ ಬಾತವು. ಡಾಕ್ಟರು ಕಾಲು ಒತ್ತಿ ನೋಡಿ, "ನಡಿಯೋದು ಬಿಟ್ರೇನು?" ಎಂದು ಗದರಿದರು.

ಅತ್ತೆ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: "ಆಕಿಗೇ ಬ್ಯಾಸರಾತ್ರಿ."

ಅತ್ತೆ ತಮ್ಮನ ಮುಖವನ್ನೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿದಳು. ತಮ್ಮನ ಮಾನ ಉಳಿಸುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

ಮುಂದಿನ ಚಳಿಗಾಲದಲ್ಲಿ ತೀರಿಕೊಂಡಳು. ಬಾಳೆತೋಟದಲ್ಲಿ ಮಾವನ ಪಕ್ಕದಲ್ಲೇ ಮಣ್ಣು ಮಾಡಬೇಕಿತ್ತು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹೂವಿನ ವಿಮಾನದಲ್ಲಿ ಕೂಡಿಸಿ ಒಯ್ಯುತ್ತೇವೆ. ಕಮಲಾಪುರದ ಟೆಂಪೊ ದೊಡ್ಡ ರಸ್ತೆಯಲ್ಲಿ ನಿಂತಿದ್ದರಿಂದ ಮುಂಜಾನೆ ಅಲ್ಲಿಯವರೆಗೆ ಹೊತ್ತು ಹೊರಟೆವು.

ವ್ಯಾಪಾರಿ ಟೋಪಿ ಹಾಕಿಕೊಂಡು ಹೊಸ್ತಿಲ ಮೇಲೆ ನಿಂತಿದ್ದ. ಈ ಸಲ ಒಳಗೆ ಹೋಗಲಿಲ್ಲ. ಹೊರಡುವಾಗ ಹೆಣ ಎದುರಾದರೆ ಹಿಡಿದ ಕೆಲಸ ಕೈಗೂಡುತ್ತದೆ ಎಂಬ ಮಾತೂ ನಮ್ಮಲ್ಲಿದೆ. ಮೆಟ್ಟಿಲಿಳಿದು ಬಂದು, ಮುಖ ಎತ್ತಿ ಅತ್ತೆಯನ್ನು ಕಣ್ತುಂಬ ನೋಡಿ, ಕೈಮುಗಿದು, ಗಂಜಿನ ಕಡೆ ಬಿರಬಿರನೆ ನಡೆದ.

"ಸತ್ತ ಮ್ಯಾಲೆ ಆಕಿ ಮಾರಿ ನೋಡಿದ, ನೋಡು ಭಾಡ್ಯಾ!" ಎಂದಳು ಅವ್ವ, ಅವನಿಗೆ ಕೇಳುವಂತೆ.

ವಿಮಾನಕ್ಕೆ ಹೆಗಲು ಕೊಟ್ಟಿದ್ದ ಅಪ್ಪ ತಿರುಗದೆಯೇ ಹೇಳಿದ:

"ಸುಮ್ನಿರ. ಮಂದಿ ನೋಡಾಕತ್ತಾರ."